ಬೀಗದ ಕೈ ಹೊರಗೆ ತೂಗುಹಾಕಿ

ಬೇಸಿಗೆಯ ರಜೆಗೆ ಊರಿಗೆ ಹೊರಡುವ ಹಿಂದಿನ ದಿನ ನಮ್ಮ ಮನೆಗಳಲ್ಲಿ ನಡೆಯುವ ಗಡಿಬಿಡಿ ನಿಮಗೆ ಗೊತ್ತಿದ್ದದ್ದೇ. ಗ್ಯಾಸ್ ಬಂದ್ ಮಾಡಬೇಕು, ನಲ್ಲಿಗಳನ್ನು ಗಟ್ಟಿಯಾಗಿ ತಿರುಗಿಸಬೇಕು, ಹಾಲಿನವನಿಗೆ ಹೇಳಬೇಕು, ಅಕ್ಕಿಯ ಡಬ್ಬಕ್ಕೆ ಬೇವಿನ ಎಲೆ ಹಾಕಬೇಕು. ಕೊನೆಗೆ ಬೀಗ ಜಗ್ಗಿ ನೋಡಿ, ಇನ್ನೊಂದು ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ ನಿಲ್ದಾಣದ ದಾರಿ ಹಿಡಿದರೆ ಮನೆ ಮುಚ್ಚುವ ಕೆಲಸ ಮುಗಿಯಿತು. ಮರಳಿ ಬರುವವರು ನಾವೇ ಎಂಬುದರಲ್ಲಿ ನಮಗೆ ಸಂದೇಹವಿರುವುದಿಲ್ಲ.

ಆದರೆ ಪಕ್ಕದ ಮನೆ ಎಂಬುದೇ ಇಲ್ಲದ ಕಡೆ? ಅತಿ ಹತ್ತಿರದ ಊರು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಸಮುದ್ರದಾಚೆ ಇರುವ ಕಡೆ? ಮುಂದೆ ಆ ಬಾಗಿಲನ್ನು ಯಾರು ತೆರೆಯುತ್ತಾರೆ, ಯಾವ ವರ್ಷ ತೆರೆಯುತ್ತಾರೆ, ತೆರೆಯುವವರು ಇದ್ದಾರೆಯೇ ಎಂಬುದೂ ತಿಳಿಯದಿದ್ದಾಗ ಮನೆಯನ್ನು ಹೇಗೆ ಮುಚ್ಚಬೇಕು? ಅಂಟಾರ್ಕ್ಟಿಕಾದ ರಾಸ್ ದ್ವೀಪದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ ಮೂರು ಮರದ ಮನೆಗಳ ಚರಿತ್ರೆ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ಧ್ರುವಯಾತ್ರೆಯ ಕಥೆಗಳನ್ನು ಹೇಳುವಾಗ ನಾವು ಸಾಮಾನ್ಯವಾಗಿ ಯಾರು ಎಲ್ಲಿಗೆ ಮುಟ್ಟಿದರು, ಯಾರು ಮೊದಲು ಮುಟ್ಟಿದರು ಎಂಬುದನ್ನೇ ಹೇಳುತ್ತೇವೆ. ಹೊರಡುವಾಗ ಅವರು ಮನೆಯನ್ನು ಹೇಗೆ ಬಿಟ್ಟುಹೋದರು ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ, ಕೇಳಬೇಕಾದ ಪ್ರಶ್ನೆ ಅದು.

ಮೊದಲು ಸ್ಥಳದ ಪರಿಚಯ ಮಾಡಿಕೊಳ್ಳೋಣ. ರಾಸ್ ದ್ವೀಪದ ನಡುವೆ 3,794 ಮೀಟರ್ ಎತ್ತರದ ಎರೆಬಸ್ ಪರ್ವತವಿದೆ. ಸುತ್ತಲೂ ಹಿಮ, ಶಿಖರದಲ್ಲಿ ಬೆಂಕಿ, ಈಗಲೂ ಜೀವಂತವಾಗಿರುವ ಜ್ವಾಲಾಮುಖಿ. ದ್ವೀಪದ ಪಶ್ಚಿಮ ಕರಾವಳಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಲಾಗಿ ಮೂರು ಭೂಶಿರಗಳಿವೆ: ಹಟ್ ಪಾಯಿಂಟ್, ಅಲ್ಲಿಂದ ಸುಮಾರು 24 ಕಿಲೋಮೀಟರ್ ದೂರದಲ್ಲಿ ಕೇಪ್ ಇವಾನ್ಸ್, ಅದರಾಚೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಕೇಪ್ ರಾಯ್ಡ್ಸ್. ವರ್ಷದ ಬಹುಭಾಗ ಸಮುದ್ರದ ನೀರು ಹೆಪ್ಪುಗಟ್ಟಿರುತ್ತದೆ. ಅಲ್ಲಿನ ಬೇಸಿಗೆಯಾದ ಜನವರಿ ಮತ್ತು ಫೆಬ್ರುವರಿಯಲ್ಲಿ, ಹೆಚ್ಚೆಂದರೆ ಮಾರ್ಚಿಯ ಮೊದಲ ವಾರದವರೆಗೆ, ಅಂದಿನ ಹಡಗುಗಳಿಗೆ ದಾರಿ ಸಿಗುತ್ತಿತ್ತು. ಆ ಅವಧಿ ಮೀರಿದರೆ ಮುಂದಿನ ವರ್ಷದ ಮಾತು. ಹೀಗಾಗಿ ಮನೆ ಮುಚ್ಚುವ ಗಳಿಗೆ ಯಾವಾಗಲೂ ಅವಸರದ ಗಳಿಗೆಯೇ ಆಗಿರುತ್ತಿತ್ತು. ಹಡಗಿನ ಕಪ್ತಾನ ಮಂಜುಗಡ್ಡೆಯನ್ನು ನೋಡಿ ನೋಡಿ ತಳಮಳಿಸುತ್ತಿರುವಾಗ ಕಿಟಕಿ ಮುಚ್ಚಿದೆಯೇ ಎಂದು ಎರಡನೆಯ ಸಲ ಹೋಗಿ ನೋಡುವವರು ಯಾರು?

ಮೊದಲ ಮನೆ ಹಟ್ ಪಾಯಿಂಟಿನದು. ರಾಬರ್ಟ್ ಫಾಲ್ಕನ್ ಸ್ಕಾಟನ 'ಡಿಸ್ಕವರಿ' ತಂಡ 1902ರಲ್ಲಿ ಅದನ್ನು ನಿಲ್ಲಿಸಿತು. ಆಸ್ಟ್ರೇಲಿಯದಲ್ಲಿ ತಯಾರಾಗಿ, ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ಮನೆ ಅದು. ಸುತ್ತಲೂ ಜಗುಲಿಯಂಥ ವೆರಾಂಡಾ; ಆಸ್ಟ್ರೇಲಿಯದ ಸುಡುಬಿಸಿಲಿನ ಬಯಲುಗಳಿಗೆ ಹೇಳಿ ಮಾಡಿಸಿದ ವಿನ್ಯಾಸ! ದಕ್ಷಿಣ ಧ್ರುವದ ದಾರಿಯಲ್ಲಿ ನೆರಳಿಗಾಗಿ ಯಾರು ಜಗುಲಿಯ ಮೇಲೆ ಕೂರುತ್ತಾರೆ? ಒಳಗೆ ಚಳಿ ತಡೆಯಲಾಗದೆ ತಂಡದವರು ಹಡಗಿನಲ್ಲೇ ವಾಸಮಾಡಿದರು. ಮನೆಯನ್ನು ಉಗ್ರಾಣವಾಗಿ, ಚಳಿಗಾಲದ ಕತ್ತಲೆಯಲ್ಲಿ ಬೇಸರ ಕಳೆಯಲು ನಾಟಕಶಾಲೆಯಾಗಿ ಬಳಸಿದರು. 1904ರ ಫೆಬ್ರುವರಿಯಲ್ಲಿ ಮಂಜುಗಡ್ಡೆಯಿಂದ ಬಿಡುಗಡೆಯಾದ ಹಡಗು ಹೊರಟುಹೋಯಿತು.

ನಾಲ್ಕು ವರ್ಷಗಳ ನಂತರ ಅರ್ನೆಸ್ಟ್ ಶಾಕಲ್‌ಟನ್ ತನ್ನದೇ ತಂಡ ಕಟ್ಟಿಕೊಂಡು ಬಂದ. ಆತನ ಜನ ಹಟ್ ಪಾಯಿಂಟಿನ ಹಳೆಯ ಮನೆಗೆ ಹೋದಾಗ ಬಾಗಿಲ ಕಡೆಯಿಂದ ಒಳಹೋಗಲಾಗದೆ ಕಿಟಕಿಯ ಮೂಲಕ ಇಳಿದರು. ಮನೆ ಅವರಿಗೆ ಆಸರೆಯಾಯಿತು. ಧ್ರುವದಿಂದ ಇನ್ನು 180 ಕಿಲೋಮೀಟರ್ ಎನ್ನುವಲ್ಲಿಂದ ಹಿಂದಿರುಗಿದ ಶಾಕಲ್‌ಟನ್, 1909ರ ಫೆಬ್ರುವರಿ ಕೊನೆಯ ರಾತ್ರಿ, ಸೋತು ಸುಣ್ಣವಾಗಿ ಬಂದು ಸೇರಿದ್ದು ಇದೇ ಮನೆಗೆ. ಜೊತೆಯಲ್ಲಿ ಫ್ರಾಂಕ್ ವೈಲ್ಡ್ ಒಬ್ಬನೇ. ಹಾಸಿಗೆ ಚೀಲಗಳೂ ಇಲ್ಲ; ಛಾವಣಿಗೆ ಹೊದಿಸುವ ಫೆಲ್ಟನ್ನೇ ಮೈಗೆ ಸುತ್ತಿಕೊಂಡು ರಾತ್ರಿ ಕಳೆದರು. ಮರುದಿನ ಹೊಗೆಯ ಸಂಕೇತ ಕಂಡು ಹಡಗು ಬಂತು, ಹಿಂದೆ ಉಳಿದಿದ್ದ ಇಬ್ಬರನ್ನೂ ಕರೆತಂದದ್ದಾಯಿತು. ಎಲ್ಲರೂ ಬದುಕಿದರು. ಆದರೆ ಒಳಗೆ ಇಳಿಯಲು ಬಿಚ್ಚಿದ ಕಿಟಕಿಯನ್ನು ಆ ತಂಡದವರು ಮರಳಿ ಮುಚ್ಚಲಿಲ್ಲ.

1911ರ ಜನವರಿಯಲ್ಲಿ ಸ್ಕಾಟ್ ಮತ್ತೆ ಬಂದ. ಕೇಪ್ ಇವಾನ್ಸಿನಲ್ಲಿ ಹೊಸ ಮನೆ ಕಟ್ಟಿಸಿ, ಒಬ್ಬ ಸಂಗಡಿಗನೊಂದಿಗೆ ತನ್ನ ಹಳೆಯ ಮನೆಯನ್ನು ನೋಡಲು ಹಟ್ ಪಾಯಿಂಟಿಗೆ ಹೋದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ತೆರೆದ ಕಿಟಕಿಯಿಂದ ನುಗ್ಗಿದ ಹಿಮ ಕೋಣೆಯನ್ನು ಬಹುಮಟ್ಟಿಗೆ ತುಂಬಿ, ಕಲ್ಲಿನಂತೆ ಗಟ್ಟಿಯಾಗಿತ್ತು. ತಾನೇ ಕಟ್ಟಿಸಿದ ಮನೆಯ ಹೊರಗೆ, ಸಿಕ್ಕ ತಗಡು-ಹಲಗೆ ಅಡ್ಡ ಇಟ್ಟುಕೊಂಡು ಕೋಕೋ ಕಾಯಿಸಿಕೊಂಡ ಸ್ಕಾಟ್ ಆ ದಿನದ ದಿನಚರಿಯಲ್ಲಿ ತನ್ನ ಬೇಸರವನ್ನು ಮುಚ್ಚಿಟ್ಟಿಲ್ಲ.

ಒಂದು ಕಿಟಕಿಯಿಂದ ಇಷ್ಟು ಹಿಮ ಬರುವುದೆಂತು ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಚಿತ್ರಗಳಲ್ಲಿ ಕಾಣುವ ಹಾಗೆ ಹತ್ತಿಯಂತೆ ಉದುರುವ ಹಿಮ ಅಲ್ಲಿನದಲ್ಲ. ಬಿರುಗಾಳಿಯಲ್ಲಿ ಹರಳುಗಳು ಒಂದಕ್ಕೊಂದು ಉಜ್ಜಿ ಮೈದಾಹಿಟ್ಟಿನಷ್ಟು ನುಣುಪಾಗುತ್ತವೆ. ಅಂಥ ಹುಡಿ ಮೊಳೆ ಬಿದ್ದ ತೂತಿನಿಂದಲೂ ಒಳಬರುತ್ತದೆ. ಹೊರಗೆ ರಭಸದಿಂದ ಬೀಸುವ ಗಾಳಿ ಕೋಣೆಯೊಳಗೆ ಬಂದೊಡನೆ ನಿಧಾನವಾಗುತ್ತದೆ. ನಿಧಾನವಾದ ಗಾಳಿ ತಾನು ಹೊತ್ತುತಂದದ್ದನ್ನು ಅಲ್ಲೇ ಕೆಳಗಿಳಿಸುತ್ತದೆ. ಹೊಳೆಯ ಪ್ರವಾಹ ತಿರುವಿನಲ್ಲಿ ಮರಳು ಬಿಡುವುದೂ ಹೀಗೆಯೇ. ಬೇಸಿಗೆ ಬಂದಾಗ ಬಿಸಿಲಿಗೆ ಕಪ್ಪು ಮರದ ಗೋಡೆ ಕಾದು ಹಿಮದ ಅಂಚು ಕರಗುತ್ತದೆ, ನೀರು ಸಂದುಗಳಿಗೆ ಇಳಿಯುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ ಎಂಬ ಪಠ್ಯಪುಸ್ತಕದ ವಾಕ್ಯ ಇಲ್ಲಿ ಹಲಗೆಗಳನ್ನು ಬಿರಿಯಿಸುವ ಶಕ್ತಿಯಾಗುತ್ತದೆ. ಎರಡು ವರ್ಷ ಹೀಗೆ ನಡೆದರೆ ಸಾಕು, ಮನೆ ಮಂಜಿನ ಪೆಟ್ಟಿಗೆಯಾಗುತ್ತದೆ.

ಈ ಕಥೆಯನ್ನು ಕೇಳಿ ಶಾಕಲ್‌ಟನ್‌ನನ್ನು ಬೇಜವಾಬ್ದಾರಿ ಮನುಷ್ಯನೆಂದು ತೀರ್ಮಾನಿಸಿಬಿಡಬಾರದು. ಅದೇ 1909ರಲ್ಲಿ ಕೇಪ್ ರಾಯ್ಡ್ಸಿನಲ್ಲಿದ್ದ ತನ್ನ ಸ್ವಂತ ಮನೆಯನ್ನು ಆತ ಮುಚ್ಚಿದ ರೀತಿ ಮಾದರಿಯಾದದ್ದು. 33 ಅಡಿ ಉದ್ದ, 19 ಅಡಿ ಅಗಲದ ಆ ಮನೆಯಲ್ಲಿ ಹದಿನೈದು ಮಂದಿ ಒಂದು ಚಳಿಗಾಲ ಕಳೆದಿದ್ದರು. ಬಿರುಗಾಳಿಗೆ ಹಾರಿಹೋಗದಂತೆ ಮನೆಯನ್ನು ಬಿಗಿದಿದ್ದ ಕಟ್ಟುಗಳನ್ನು ಹೊರಡುವ ಮುನ್ನ ಮತ್ತೆ ಸರಿಪಡಿಸಿ ಬಿಗಿದರು. ಒಳಗೆ ಹದಿನೈದು ಜನರಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ದಿನಸಿ ಇಟ್ಟರು: ಎಣ್ಣೆ, ಹಿಟ್ಟು, ಒಣಗಿಸಿದ ತರಕಾರಿ, ಬಿಸ್ಕತ್ತು, ಜಾಮ್, ಡಬ್ಬಿಯ ಮಾಂಸ, ಚಹಾ, ಕೋಕೋ, ಬೆಂಕಿಪೊಟ್ಟಣ. ತಂಡ ಏನೇನು ಸಾಧಿಸಿತು, ಮುಂದೆ ಬರುವವರಿಗೆ ಏನು ತಿಳಿದಿರಬೇಕು ಎಂದು ಬರೆದ ಪತ್ರವೊಂದನ್ನು ಒಳಗೆ ಇಟ್ಟರು. ಬಾಗಿಲಿಗೆ ಬೀಗ ಹಾಕಿದರು. ಬೀಗದ ಕೈಯನ್ನು, ಬಂದವರಿಗೆ ಸುಲಭವಾಗಿ ಸಿಗುವಂತೆ, ಹೊರಗೇ ತೂಗುಹಾಕಿದರು.

ಹೊರಗೇ ತೂಗುಹಾಕುವುದಾದರೆ ಬೀಗವಾದರೂ ಏಕೆ ಎಂದು ನಗಬಹುದು. ಆ ಬೀಗ ಕಳ್ಳನಿಗಾಗಿ ಹಾಕಿದ್ದಲ್ಲ. ಅದು ಗಾಳಿಗೆ ಹಾಕಿದ ಬೀಗ. ಗಾಳಿಗೆ ಬೀಗದ ಕೈ ತಿರುಗಿಸಲು ಬರುವುದಿಲ್ಲ; ಮನುಷ್ಯನಿಗೆ ಬರುತ್ತದೆ.

ಇದರ ಫಲವನ್ನು ಸ್ಕಾಟನ ತಂಡದವರು 1911ರಲ್ಲಿ ಕಣ್ಣಾರೆ ಕಂಡರು. ಶಾಕಲ್‌ಟನ್‌ನೊಂದಿಗೆ ಮೊದಲು ಅಲ್ಲಿ ವಾಸವಾಗಿದ್ದ ಭೂವಿಜ್ಞಾನಿ ರೇಮಂಡ್ ಪ್ರೀಸ್ಟ್ಲಿ ಈಗ ಸ್ಕಾಟನ ತಂಡದಲ್ಲಿದ್ದ. ಆತ ಕೇಪ್ ರಾಯ್ಡ್ಸಿನ ಮನೆಗೆ ಹೋದರೆ, ಎಲ್ಲವೂ ಬಿಟ್ಟುಹೋದ ಹಾಗೆಯೇ ಇತ್ತು. ನೆನ್ನೆ ಮೊನ್ನೆ ಹೊರಗೆ ಹೋದವರು ಇನ್ನೇನು ಬಂದುಬಿಡುತ್ತಾರೆ ಎನ್ನಿಸುವಂತಿತ್ತು. ಒಂದೇ ಕರಾವಳಿ, ಒಂದೇ ಗಾಳಿ, ಒಂದೇ ಎರಡು ವರ್ಷ. ಅಲ್ಲಿ ಮಂಜಿನ ಪೆಟ್ಟಿಗೆ, ಇಲ್ಲಿ ಸಿದ್ಧವಾಗಿ ಕಾದಿರುವ ಅಡುಗೆಮನೆ.

ಹಟ್ ಪಾಯಿಂಟಿನ ಮನೆಯನ್ನು ಸ್ಕಾಟನ ಜನ ಹಾಗೆಯೇ ಬಿಡಲಿಲ್ಲ. ಗುದ್ದಲಿಯಿಂದ ಮಂಜುಗಡ್ಡೆಯನ್ನು ಕಡಿದು ಕಡಿದು ಹೊರಹಾಕಿ ವಾಸಕ್ಕೆ ಬರುವಂತೆ ಮಾಡಿದರು. 1911ರ ಮಾರ್ಚಿಯಲ್ಲಿ, ಸಮುದ್ರ ಇನ್ನೂ ಹೆಪ್ಪುಗಟ್ಟದೆ ಕೇಪ್ ಇವಾನ್ಸಿಗೆ ದಾರಿ ಕಾಣದಿದ್ದಾಗ ಹದಿನಾರು ಜನ ವಾರಗಟ್ಟಲೆ ಅಲ್ಲಿ ತಂಗಿದರು, ಸೀಲ್ ಪ್ರಾಣಿಯ ಕೊಬ್ಬು ಉರಿಯುವ ಒಲೆಯನ್ನು ಕೈಯಾರೆ ಮಾಡಿಕೊಂಡರು. ಈ ಗುದ್ದಲಿ ಕೆಲಸವನ್ನು ನೆನಪಿನಲ್ಲಿಡಿ; ಐದು ವರ್ಷಗಳ ನಂತರ ಅದಕ್ಕೆ ಬೆಲೆ ಬರುತ್ತದೆ.

ಮೂರನೆಯ ಮನೆ, ಕೇಪ್ ಇವಾನ್ಸಿನದು, ಮೂರರಲ್ಲಿ ದೊಡ್ಡದು: 50 ಅಡಿ ಉದ್ದ, 25 ಅಡಿ ಅಗಲ. ಗೋಡೆಯ ಎರಡು ಪದರಗಳ ನಡುವೆ ಗೋಣಿಯಲ್ಲಿ ಹೊಲಿದ ಕಡಲಪಾಚಿ ತುಂಬಿ ಚಳಿ ತಡೆದಿದ್ದರು. ನಮ್ಮ ದೇಶಕ್ಕೂ ಈ ಮನೆಗೂ ಒಂದು ನಂಟಿದೆ. ಎರಡನೆಯ ವರ್ಷದ ಕೆಲಸಕ್ಕೆಂದು ಅಂದಿನ ಭಾರತ ಸರ್ಕಾರ ಏಳು ಹೇಸರಗತ್ತೆಗಳನ್ನು ಕಳಿಸಿಕೊಟ್ಟಿತ್ತು. ಸಿಮ್ಲಾದಲ್ಲಿ ಹಿಮದ ಅಭ್ಯಾಸ ಮಾಡಿಸಿದ್ದ ಅವುಗಳ ಹೆಸರುಗಳೂ ನಮ್ಮವೇ: ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಪ್ಯಾರಿ ಇತ್ಯಾದಿ. ಆದರೆ ಅವು 1912ರಲ್ಲಿ ಬಂದಿಳಿಯುವ ಹೊತ್ತಿಗೆ ಸ್ಕಾಟ್ ಧ್ರುವದ ದಾರಿಯಲ್ಲಿದ್ದ. ಜನವರಿ 17ರಂದು ಧ್ರುವ ಮುಟ್ಟಿದ ಸ್ಕಾಟ್ ಮತ್ತು ನಾಲ್ವರು ಸಂಗಡಿಗರು ಮರಳಿ ಬರಲೇ ಇಲ್ಲ. ಸಿಮ್ಲಾದ ಹೇಸರಗತ್ತೆಗಳು ಕೊನೆಗೆ ಎಳೆದದ್ದು ಅವರನ್ನು ಹುಡುಕಲು ಹೊರಟ ಬಂಡಿಗಳನ್ನು. 1912ರ ನವೆಂಬರಿನಲ್ಲಿ ಡೇರೆ ಸಿಕ್ಕಿತು, ದೇಹಗಳು ಸಿಕ್ಕವು.

1913ರ ಜನವರಿಯಲ್ಲಿ ಹಡಗು ಬಂದಾಗ ಕೇಪ್ ಇವಾನ್ಸಿನ ಮನೆಯಲ್ಲಿದ್ದದ್ದು ಸೂತಕದ ತಂಡ. ಎರಡು ಚಳಿಗಾಲ ಕಳೆದು ದಣಿದವರು, ನಾಯಕನನ್ನು ಕಳೆದುಕೊಂಡವರು. ಇಂಥ ಸ್ಥಿತಿಯಲ್ಲಿ ಸಾಮಾನು ಎತ್ತಿಕೊಂಡು ಹೊರಟುಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಸುಮಾರು ಹನ್ನೆರಡು ಜನ ಒಂದು ವರ್ಷ ಬದುಕಬಹುದಾದಷ್ಟು ಆಹಾರ ಮತ್ತು ಸಾಮಗ್ರಿಯನ್ನು ಬಿಟ್ಟು ಮನೆ ಮುಚ್ಚಿದರು. ಯಾರಿಗಾಗಿ? ಅವರಿಗೇ ಗೊತ್ತಿರಲಿಲ್ಲ. ಮತ್ತೊಂದು ತಂಡ ಬರುತ್ತದೆಂಬ ಯೋಜನೆಯೂ ಅವರ ಮುಂದಿರಲಿಲ್ಲ.

ಎರಡು ವರ್ಷ ಕಳೆಯಿತು. ಶಾಕಲ್‌ಟನ್ ಅಂಟಾರ್ಕ್ಟಿಕಾ ಖಂಡವನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ದಾಟುವ ಸಾಹಸಕ್ಕೆ ಹೊರಟಿದ್ದ. ಆತ ಖಂಡದ ಆಚೆ ಬದಿಯಿಂದ ಬರುವವನು. ಕೊನೆಯ ಹಾದಿಯಲ್ಲಿ ಆತನಿಗೆ ಬೇಕಾಗುವ ಆಹಾರವನ್ನು ಈ ಬದಿಯಿಂದ ಕೊಂಡೊಯ್ದು ಅಲ್ಲಲ್ಲಿ ಇಡಲು ಇನ್ನೊಂದು ತಂಡ 'ಅರೋರಾ' ಎಂಬ ಹಡಗಿನಲ್ಲಿ ರಾಸ್ ದ್ವೀಪಕ್ಕೆ ಬಂದಿತ್ತು. ಹಡಗನ್ನು ಕೇಪ್ ಇವಾನ್ಸಿನ ದಡಕ್ಕೆ ಕಟ್ಟಿಹಾಕಿದ್ದರು. ಸಾಮಾನಿನ ಬಹುಭಾಗ ಹಡಗಿನಲ್ಲೇ ಇತ್ತು. ಹೇಗೂ ಹಡಗು ಬಾಗಿಲಲ್ಲೇ ಇದೆಯಲ್ಲ! 1915ರ ಮೇ ತಿಂಗಳ ಮೊದಲ ವಾರ ಬಿರುಗಾಳಿಯ ಒಂದು ರಾತ್ರಿಯಲ್ಲಿ ಹಗ್ಗಗಳು ಹರಿದವು, ಮಂಜುಗಡ್ಡೆಯ ಸಮೇತ ಹಡಗು ಕೊಚ್ಚಿಹೋಯಿತು. ದಡದಲ್ಲಿ ಹತ್ತು ಜನ ಉಳಿದರು. ಆಹಾರ, ಬಟ್ಟೆ, ಉರುವಲು ಬಹುತೇಕ ಹಡಗಿನೊಂದಿಗೆ ಹೋಗಿತ್ತು. ಹಡಗು ಬದುಕಿದೆಯೋ ಮುಳುಗಿದೆಯೋ ತಿಳಿಯುವ ದಾರಿ ಇರಲಿಲ್ಲ.

ಇಲ್ಲಿ ಬಂತು ನೋಡಿ, 1913ರಲ್ಲಿ ಸೂತಕದ ತಂಡ ಬಿಟ್ಟುಹೋದ ಗಂಟಿನ ಪ್ರಯೋಜನ. ಹತ್ತು ಜನ ಸ್ಕಾಟನ ಮನೆಯ ಕಪಾಟುಗಳನ್ನು ಶೋಧಿಸಿದರು. ಡಬ್ಬಿಗಳು, ಹಿಟ್ಟು, ಹಳೆಯ ಅಂಗಿಗಳು, ಹರಿದ ಡೇರೆಗಳು. ಡೇರೆಯ ಬಟ್ಟೆಯನ್ನು ಕತ್ತರಿಸಿ ಷರಾಯಿ ಹೊಲಿದುಕೊಂಡರು. ಕೇಪ್ ರಾಯ್ಡ್ಸಿನ ಮನೆಗೂ ಹೋಗಿ ಅಲ್ಲಿ ಉಳಿದಿದ್ದ ಸಾಮಾನು ತಂದರು. ಉಳಿದದ್ದಕ್ಕೆ ಸೀಲ್ ಮಾಂಸ, ಸೀಲ್ ಕೊಬ್ಬು. ಆ ಕೊಬ್ಬು ಉರಿದ ಮಸಿ ಗೋಡೆಯ ಮೇಲೆ ಇಂದಿಗೂ ಇದೆ.

ಇಷ್ಟರಲ್ಲಿ ಅವರು ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಅನ್ಯಾಯ. ಆದರೂ ಇಲ್ಲಿ ಅಷ್ಟೇ ಸ್ಥಳ: ಎರವಲು ಬಟ್ಟೆ, ಹಳೆಯ ಬಂಡಿ ಹಿಡಿದು 1916ರ ಜನವರಿ ಹೊತ್ತಿಗೆ ನೂರಾರು ಕಿಲೋಮೀಟರ್ ಒಳಗಿನವರೆಗೆ ಆಹಾರ ಇಟ್ಟುಬಂದರು. ಅದನ್ನು ಉಣ್ಣಲು ಶಾಕಲ್‌ಟನ್ ಬರಲೇ ಇಲ್ಲ. ಆತನ ಹಡಗು 'ಎಂಡ್ಯೂರೆನ್ಸ್' ಆಚೆ ಬದಿಯ ಸಮುದ್ರದಲ್ಲಿ 1915ರಲ್ಲೇ ಮಂಜುಗಡ್ಡೆಗೆ ಸಿಕ್ಕಿ ನುಚ್ಚುನೂರಾಗಿತ್ತು. ಇದು ಅವರಿಗೆ ಗೊತ್ತಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಸ್ಕರ್ವಿ ರೋಗಕ್ಕೆ ಒಬ್ಬ ಬಲಿಯಾದ. ಉಳಿದ ಐವರು 1916ರ ಮಾರ್ಚಿಯಲ್ಲಿ ತೆವಳುವಂತೆ ಬಂದು ಸೇರಿದ್ದು ಯಾವ ಮನೆಗೆ? ಹಟ್ ಪಾಯಿಂಟಿನ ಅದೇ ಮನೆಗೆ. 1911ರಲ್ಲಿ ಒಂದಿಷ್ಟು ಜನ ಗುದ್ದಲಿ ಹಿಡಿದು ಮಂಜುಗಡ್ಡೆ ತೆಗೆಯದೆ ಇದ್ದಿದ್ದರೆ, ಆ ಮಾರ್ಚಿಯಲ್ಲಿ ಅವರಿಗೆ ಸಿಗುತ್ತಿದ್ದದ್ದು ಒಳಹೋಗಲು ಬಾರದ ಒಂದು ಪೆಟ್ಟಿಗೆ. ಮನೆ ಸಿಕ್ಕಿತು, ಸೀಲ್ ಮಾಂಸ ತಿಂದು ಸ್ಕರ್ವಿಯಿಂದ ಚೇತರಿಸಿಕೊಂಡರು. ಆದರೆ ಐವರಲ್ಲಿ ಇಬ್ಬರು, ನಾಯಕ ಮ್ಯಾಕಿಂಟಾಷ್ ಮತ್ತು ಹೇವರ್ಡ್, ಕಾಯಲಾರದೆ ಮೇ 8ರಂದು ಸಮುದ್ರದ ಮೇಲಿನ ತೆಳು ಮಂಜುಗಡ್ಡೆ ತುಳಿದು ಕೇಪ್ ಇವಾನ್ಸಿನ ಕಡೆ ಹೊರಟು ಕಾಣೆಯಾದರು. ಉಳಿದ ಮೂವರು ಜುಲೈವರೆಗೆ ತಾಳಿಕೊಂಡು, ಗಟ್ಟಿ ಮಂಜುಗಡ್ಡೆಯ ಮೇಲೆ ನಡೆದು ಮುಟ್ಟಿದರು. ಅವರಲ್ಲಿ ಒಬ್ಬನಾದ ರಿಚರ್ಡ್ಸ್, ತನ್ನ ಮಂಚದ ಪಕ್ಕದ ಹಲಗೆಯ ಮೇಲೆ ಸತ್ತ ಮೂವರ ಹೆಸರನ್ನು ಪೆನ್ಸಿಲಿನಿಂದ ಬರೆದಿಟ್ಟಿದ್ದಾನೆ.

1917ರ ಜನವರಿ 10ರಂದು 'ಅರೋರಾ' ಮರಳಿ ಬಂತು. ಹಡಗಿನಲ್ಲಿ ಶಾಕಲ್‌ಟನ್ ಕೂಡ ಇದ್ದ. ಏಳು ಮಂದಿ ಬದುಕುಳಿದಿದ್ದರು. ಕಾಣೆಯಾದವರಿಗಾಗಿ ಹುಡುಕಾಡಿ, ಗುಡ್ಡದ ಮೇಲೊಂದು ಶಿಲುಬೆ ನೆಟ್ಟು, ಹೊರಡುವ ಮುನ್ನ ಮನೆಯನ್ನು ಒಪ್ಪಮಾಡಿ ಮುಚ್ಚಿದರು. ಎಂಟು ವರ್ಷದ ಹಿಂದೆ ಆತನ ತಂಡ ಒಂದು ಮನೆಯ ಕಿಟಕಿಯನ್ನು ಮುಚ್ಚದೆ ಹೋಗಿತ್ತು, ಇನ್ನೊಂದು ಮನೆಯ ಬೀಗದ ಕೈಯನ್ನು ಹೊರಗೆ ತೂಗುಹಾಕಿತ್ತು. ಈಗ ಆತನ ಏಳು ಜನರನ್ನು ಉಳಿಸಿದ್ದು ಬೇರೆಯವರು ಬಿಟ್ಟುಹೋದ ಅಕ್ಕಿಬೇಳೆ. ಈ ಲೆಕ್ಕವನ್ನು ಆತ ಮನಸ್ಸಿನಲ್ಲೇ ಹಾಕಿಕೊಂಡಿರಬೇಕು ಎಂದು ನನಗನ್ನಿಸುತ್ತದೆ.

ಆಮೇಲೆ ಆ ಕರಾವಳಿಗೆ ಮೂವತ್ತು ವರ್ಷ ಮನುಷ್ಯರೇ ಬರಲಿಲ್ಲ. ಎಷ್ಟೇ ಚೆನ್ನಾಗಿ ಮುಚ್ಚಿದ ಮನೆಯೂ ಮೂವತ್ತು ವರ್ಷದ ಗಾಳಿಗೆ ಎಲ್ಲೋ ಒಂದು ಕಡೆ ಸೋಲುತ್ತದೆ. ಕೇಪ್ ಇವಾನ್ಸಿನ ಮನೆಯೊಳಗೂ ಹಿಮ ತುಂಬಿ ಗಟ್ಟಿಯಾಯಿತು. 1960-61ರ ಬೇಸಿಗೆಯಲ್ಲಿ ನ್ಯೂಜಿಲೆಂಡಿನವರು ಅದನ್ನು ಕಡಿದು ತೆಗೆದಾಗ ವಸ್ತುಗಳು ಅಚ್ಚರಿಯೆನ್ನುವಷ್ಟು ಚೆನ್ನಾಗಿದ್ದವು. ವಾಸಕ್ಕೆ ಶತ್ರುವಾದ ಮಂಜುಗಡ್ಡೆ ಕಾಗದ-ಬಟ್ಟೆಗಳಿಗೆ ರಕ್ಷೆಯಾಗಿತ್ತು. ಅದು ಹೋದ ಮೇಲೆ ಬೇರೆ ತೊಂದರೆ ಶುರುವಾಯಿತು: ತೇವ, ಬೂಷ್ಟು, ಸಮುದ್ರದ ಉಪ್ಪಿಗೆ ತುಕ್ಕು ಹಿಡಿದು ಸೋರುವ ಡಬ್ಬಿಗಳು. ಅಷ್ಟು ಚಳಿಯಲ್ಲಿ ಮರ ಕೊಳೆಯುವುದಿಲ್ಲ ಎಂಬ ನಂಬಿಕೆಯೂ ಸುಳ್ಳಾಯಿತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ರಾಬರ್ಟ್ ಬ್ಲಾಂಚೆಟ್ ಮತ್ತು ಸಂಗಡಿಗರು ಈ ಮನೆಗಳ ತಳಹಲಗೆಗಳಲ್ಲಿ, ಬೇಸಿಗೆಯ ಕೆಲವೇ ವಾರಗಳ ತೇವದಲ್ಲಿ ಮೆಲ್ಲಗೆ ಮರ ತಿನ್ನುವ ಶಿಲೀಂಧ್ರಗಳನ್ನು ಗುರುತಿಸಿದರು.

ಮನೆಗಳ ಹೊಣೆ ಹೊರಲು ನ್ಯೂಜಿಲೆಂಡಿನಲ್ಲಿ 1987ರಲ್ಲಿ ಅಂಟಾರ್ಕ್ಟಿಕ್ ಹೆರಿಟೇಜ್ ಟ್ರಸ್ಟ್ ಸ್ಥಾಪನೆಯಾಯಿತು. ಕೇಪ್ ಇವಾನ್ಸ್ ಒಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಅದರ ತಜ್ಞರು ಒಂದೊಂದಾಗಿ ಶುಚಿಮಾಡಿ, ತೆಗೆದ ಜಾಗದಲ್ಲೇ ಮರಳಿ ಇಟ್ಟರು. ಅಲ್ಲಿನ ಛಾಯಾಗ್ರಹಣದ ಕತ್ತಲೆಕೋಣೆಯಲ್ಲಿ ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದ 22 ನೆಗೆಟಿವ್‌ಗಳು ಸಿಕ್ಕವು. ಬಿಡಿಸಿ ಸಂಸ್ಕರಿಸಿದ ಮೇಲೆ 2013ರಲ್ಲಿ ಜಗತ್ತಿಗೆ ಕಂಡದ್ದು, ಹಡಗು ಕಳೆದುಕೊಂಡ ಆ 1915ರ ತಂಡದವರ ಕಾಲದ ಚಿತ್ರಗಳು. ಚಿತ್ರದ ಕೆಲಸ ಮಾಡುವ ನಮ್ಮಂಥವರಿಗೆ, ನೂರು ವರ್ಷ ಹಳೆಯ ಫಿಲ್ಮು ಮತ್ತೆ ಬಾಯಿ ತೆರೆಯಿತು ಎಂಬ ಸುದ್ದಿಯೇ ರೋಮಾಂಚನ. ಇಲ್ಲಿ ನಮ್ಮ ಟೇಪುಗಳು ಹತ್ತು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತವೆ.

ಭಾರತೀಯರು ಅದೇ ಖಂಡದ ಇನ್ನೊಂದು ಅಂಚಿನಲ್ಲಿ ಮನೆ ಮಾಡಿದ್ದು ಬಹಳ ತಡವಾಗಿ. 1983-84ರಲ್ಲಿ ತೇಲುವ ಮಂಜುಹಾಸಿನ ಮೇಲೆ ಕಟ್ಟಿದ 'ದಕ್ಷಿಣ ಗಂಗೋತ್ರಿ' ವರ್ಷ ವರ್ಷ ಹಿಮದಲ್ಲಿ ಹೂಳುತ್ತಾ ಹೋಗಿ 1990ರ ಹೊತ್ತಿಗೆ ಬಿಡಬೇಕಾಯಿತು. ಆ ಪಾಠದಿಂದಲೇ 'ಮೈತ್ರಿ'ಯನ್ನು ಬಂಡೆಯ ನೆಲದ ಮೇಲೆ, ಕಂಬಗಳ ಮೇಲೆತ್ತಿ ಕಟ್ಟಿದರು. ಗಾಳಿ ಮನೆಯ ಕೆಳಗಿನಿಂದಲೂ ಹಾದುಹೋದರೆ ಹಿಮವನ್ನು ಅಲ್ಲಿ ಇಳಿಸುವುದಿಲ್ಲ. ಕೋಣೆಯೊಳಗೆ ಹಿಮ ತುಂಬಿದ ಲೆಕ್ಕವನ್ನೇ ತಿರುಗಿಸಿ ಹಾಕಿದ ಉಪಾಯ. ಇವು ವರ್ಷವಿಡೀ ಜನರಿರುವ ನಿಲ್ದಾಣಗಳು. ಬೇಸಿಗೆಯಲ್ಲಿ ಮಾತ್ರ ತೆರೆಯುವ ನಿಲ್ದಾಣಗಳೂ ಹಲವು ದೇಶಗಳಿಗಿವೆ. ಸ್ವೀಡನ್ನಿನ 'ವಾಸಾ' ಅಂಥದು. ಅಂಥ ಕಡೆ ಮನೆ ಮುಚ್ಚುವುದು ಈಗ ಕ್ರಮಬದ್ಧವಾದ ಕೆಲಸ. ಕೊಳವೆಗಳ ನೀರನ್ನು ಕೊನೆಯ ಹನಿಯವರೆಗೆ ಬಸಿಯುತ್ತಾರೆ, ಹಿಗ್ಗಿ ಒಡೆಯುವ ಯಾವುದನ್ನೂ ಒಳಗೆ ಬಿಡುವುದಿಲ್ಲ, ಕಿಟಕಿ ಹಾಗೂ ಹೊಗೆಗಿಂಡಿಗಳಿಗೆ ಮುಚ್ಚಳ ಬಿಗಿಯುತ್ತಾರೆ, ಉಳಿದ ಸಾಮಾನಿನ ಪಟ್ಟಿ ಬರೆದಿಡುತ್ತಾರೆ. ಉಪಗ್ರಹ ದೂರವಾಣಿಯ ಕಾಲದಲ್ಲೂ ದಾರಿತಪ್ಪಿ ಬಂದವನಿಗಾಗಿ ಒಂದಿಷ್ಟು ಆಹಾರ, ಒಂದಿಷ್ಟು ಉರುವಲು ಇಟ್ಟುಹೋಗುವ ರೂಢಿ ಆ ಖಂಡದಲ್ಲಿ ತಪ್ಪಿಲ್ಲ.

ರಾಸ್ ದ್ವೀಪದ ಮೂರು ಮನೆಗಳನ್ನು ಈಗ ಬೇಸಿಗೆಯಲ್ಲಿ ಪ್ರವಾಸಿಗಳು ನೋಡಬಹುದು. ಒಂದು ಸಲಕ್ಕೆ ಬೆರಳೆಣಿಕೆಯಷ್ಟು ಜನ ಮಾತ್ರ ಒಳಗೆ, ಜೊತೆಗೊಬ್ಬ ಮಾರ್ಗದರ್ಶಿ. ಹೊಸ್ತಿಲಲ್ಲಿ ಬ್ರಷ್ಷಿನಿಂದ ಬೂಟಿನ ಹಿಮ ಮತ್ತು ಮರಳನ್ನು ಕೊಡವಿಕೊಳ್ಳಬೇಕು. ಒಳಗೆ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿವೆ, ಮಂಚಗಳಿವೆ, ರಿಚರ್ಡ್ಸ್ ಬರೆದ ಮೂರು ಹೆಸರುಗಳಿವೆ. ಕೊನೆಯವನು ಹೊರಬಂದ ಮೇಲೆ ಮಾರ್ಗದರ್ಶಿ ಬಾಗಿಲನ್ನು ಎಳೆದು, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಜಗ್ಗಿ ನೋಡಿಯೇ ಹೊರಡುತ್ತಾನೆ.